ಹತ್ತು ಗುಳಿಯ ಮಣೆ

ನಮ್ಮ ಊರುಗಳಲ್ಲಿ ಈಗ ಬೀದಿಗೊಂದು ಮಾಂಟೆಸರಿ. ಹಿಂದೆ ಶಿಶುವಿಹಾರ ಎನ್ನುತ್ತಿದ್ದೆವು, ಆಮೇಲೆ ನರ್ಸರಿ ಎಂದೆವು. ಈಗ ಬೋರ್ಡಿನ ಮೇಲೆ ಮಾಂಟೆಸರಿ ಎಂದಿರದಿದ್ದರೆ ತಾಯಂದಿರು ಒಳಗೆ ಕಾಲಿಡಲು ಹಿಂದುಮುಂದು ನೋಡುತ್ತಾರೆ. ಒಳಗೆ ಹೋದರೆ ಗುಲಾಬಿ ಬಣ್ಣದ ಮರದ ಗೋಪುರ, ಗುಂಡಿ ಹಾಕಲು ಲಾಡಿ ಕಟ್ಟಲು ಕಲಿಸುವ ಚೌಕಟ್ಟುಗಳು, ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳು. ಇದೆಲ್ಲ ಜಾಣ ಮಕ್ಕಳನ್ನು ಇನ್ನಷ್ಟು ಜಾಣರನ್ನಾಗಿಸುವ ಸಾಮಾನು ಎಂದು ನಾವು ತಿಳಿದಿದ್ದೇವೆ. ಫೀಸು ಕಟ್ಟುವುದೂ ಅದಕ್ಕೇ. ಆದರೆ ಈ ಸಾಮಾನುಗಳ ತವರು ಯಾವುದು ಎಂದು ಕೇಳಿದವರು ಕಡಿಮೆ. ಇವು ಹುಟ್ಟಿದ್ದು ಜಾಣ ಮಕ್ಕಳಿಗಾಗಿ ಅಲ್ಲ. ಇವರಿಂದ ಏನೂ ಆಗದು ಎಂದು ದೊಡ್ಡ ದೊಡ್ಡ ವೈದ್ಯರು ಕೈಚೆಲ್ಲಿದ ಮಕ್ಕಳಿಗಾಗಿ.

ನಾನು ಇದನ್ನು ತಿಳಿದದ್ದು ಪುಟ್ಟಿಯ ದೆಸೆಯಿಂದ. ಪುಟ್ಟಿ ನನ್ನ ಅಕ್ಕನ ಮಗಳು. ಡೌನ್ ಸಿಂಡ್ರೋಮ್ ಇರುವ ಮಗು. ಅವಳಿಗೆ ಐದು ತುಂಬಿದಾಗ, 1996ರಲ್ಲಿ, ಬುದ್ಧಿಶಕ್ತಿಯ ಪರೀಕ್ಷೆಗೆಂದು ಮೈಸೂರಿಗೆ ಕರೆದುಕೊಂಡು ಹೋದೆವು. ಪರೀಕ್ಷೆ ಮಾಡುವ ಹುಡುಗಿ ಮೇಜಿನ ಮೇಲೆ ಒಂದು ಮರದ ಮಣೆ ಇಟ್ಟಳು. ನಮ್ಮ ಅಳಗುಳಿ ಮಣೆಗೆ ಹದಿನಾಲ್ಕು ಗುಳಿ, ಇದಕ್ಕೆ ಹತ್ತು. ಒಂದು ನಕ್ಷತ್ರದ ಆಕಾರದ್ದು, ಒಂದು ವೃತ್ತ, ಒಂದು ತ್ರಿಕೋನ, ಒಂದು ಅರ್ಧಚಂದ್ರ, ಹೀಗೆ. ಹತ್ತು ಬಿಲ್ಲೆಗಳನ್ನು ಅದರದರ ಗುಳಿಗೆ ಕೂಡಿಸಬೇಕು. ಮೂರು ಸಲ ಮಾಡಿಸುತ್ತಾರೆ, ಅತಿ ಕಡಿಮೆ ಹಿಡಿದ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪುಟ್ಟಿ ನಕ್ಷತ್ರವನ್ನು ಎತ್ತಿ ಬಾಯಿಗೆ ಇಟ್ಟುಕೊಂಡಳು. ಆ ಹುಡುಗಿ ನಕ್ಕು, ಗಡಿಯಾರ ನೋಡಿ, ಕಾಗದದಲ್ಲಿ ಏನೋ ಬರೆದುಕೊಂಡಳು. ಮಣೆಯ ಹೆಸರೇನಮ್ಮಾ ಎಂದು ಕೇಳಿದೆ. “ಸೆಗ್ವಿನ್ ಫಾರ್ಮ್ ಬೋರ್ಡ್” ಎಂದಳು. ಸೆಗ್ವಿನ್ ಅಂದರೆ ಯಾರು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಅದರ ಹಿಂದೆ ಬಿದ್ದು ವರ್ಷಗಟ್ಟಲೆ ಓದಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಸೆಗ್ವಿನ್ ಬಳಿಗೆ ಹೋಗುವ ಮೊದಲು ಅವರ ಗುರುವಿನ ಕಥೆ ಹೇಳಬೇಕು. ಅದು ಶುರುವಾಗುವುದು 1800ನೇ ಇಸವಿಯ ಜನವರಿಯಲ್ಲಿ, ಫ್ರಾನ್ಸ್ ದೇಶದ ಅವೆರಾನ್ ಸೀಮೆಯಲ್ಲಿ. ಚಳಿಗೆ ಕಾಡಿನಿಂದ ಹೊರಬಂದ ಹನ್ನೊಂದು ಹನ್ನೆರಡರ ಒಬ್ಬ ಹುಡುಗ ಜನರ ಕೈಗೆ ಸಿಕ್ಕ. ಮೈತುಂಬ ಗಾಯದ ಕಲೆಗಳು, ಬಾಯಲ್ಲಿ ಒಂದು ಮಾತಿಲ್ಲ. ಅದೇ ವರ್ಷ ಅವನನ್ನು ಪ್ಯಾರಿಸ್ಸಿಗೆ, ಕಿವುಡ ಮಕ್ಕಳ ಶಾಲೆಗೆ ತಂದರು. ಕಾಡುಹುಡುಗನನ್ನು ನೋಡಲು ಊರಿಗೆ ಊರೇ ನೆರೆಯಿತು, ಬೇಸರ ಬಂದ ಮೇಲೆ ಚದುರಿತು. ಮಾನಸಿಕ ರೋಗಿಗಳನ್ನು ಮನುಷ್ಯರಂತೆ ಕಾಣಬೇಕು ಎಂದು ಹೋರಾಡಿದ ಪಿನೆಲ್ ಎಂಬ ಹೆಸರಾಂತ ವೈದ್ಯರು ಪರೀಕ್ಷಿಸಿದರು. ಅವರೂ ಕೂಡ ಇವನು ‘ಈಡಿಯಟ್’, ವಾಸಿಯಾಗುವ ಮಾತಿಲ್ಲ ಎಂದು ಬರೆದುಬಿಟ್ಟರು. ಇಂದು ನಾವು ಬೈಗುಳವಾಗಿ ಆಡುವ ಈ ಮಾತು ಆ ಕಾಲಕ್ಕೆ ವೈದ್ಯಶಾಸ್ತ್ರದ ಪದವಾಗಿತ್ತು.

ಒಪ್ಪದವರು ಒಬ್ಬರೇ, ಇಪ್ಪತ್ತಾರರ ಯುವ ವೈದ್ಯ ಇತಾರ್. ಹುಡುಗನಲ್ಲಿ ಕೊರತೆ ಇರಬಹುದು, ಆದರೆ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದವನಿಗೆ ನಾವು ಏನನ್ನೂ ಕಲಿಸದೆ ‘ಕಲಿಯಲಾರ’ ಎನ್ನುವುದು ಹೇಗೆ ಎಂಬುದು ಅವರ ವಾದ. ‘ಓ’ ಎಂಬ ದನಿಗೆ ಹುಡುಗ ತಿರುಗುತ್ತಿದ್ದನೆಂದು ಅವನಿಗೆ ವಿಕ್ತೋರ್ ಎಂದು ಹೆಸರಿಟ್ಟರು. ಐದು ವರ್ಷ ಅವನ ಹಿಂದೆ ಬಿದ್ದರು.

ಅವರು ನೋಡಿದ ರೀತಿ ನನಗೆ ಬಹಳ ಹಿಡಿಸಿತು. ಕಿವಿಯ ಹತ್ತಿರ ಪಿಸ್ತೂಲು ಹಾರಿಸಿದರೆ ವಿಕ್ತೋರ್ ಬೆಚ್ಚುತ್ತಿರಲಿಲ್ಲ. ಆದರೆ ಬೆನ್ನ ಹಿಂದೆ ಯಾರಾದರೂ ಆಕ್ರೋಟಿನ ಸಿಪ್ಪೆ ಒಡೆದರೆ ಥಟ್ಟನೆ ತಿರುಗುತ್ತಿದ್ದ. ಹಾಗಾದರೆ ಕಿವಿ ಕೇಳದೆ ಇಲ್ಲ, ಅವನಿಗೆ ಬೇಕಾದ್ದನ್ನು ಮಾತ್ರ ಕೇಳುತ್ತದೆ. ಕುದಿಯುವ ನೀರಿನಿಂದ ಬರಿಗೈಯಲ್ಲಿ ಆಲೂಗಡ್ಡೆ ತೆಗೆಯುತ್ತಿದ್ದ. ಚರ್ಮಕ್ಕೆ ಬಿಸಿ ತಣ್ಣಗೆ ಗೊತ್ತಾಗಲಿ ಎಂದು ಇತಾರ್ ಅವನಿಗೆ ದಿನವೂ ಗಂಟೆಗಟ್ಟಲೆ ಬಿಸಿನೀರಿನ ಸ್ನಾನ ಮಾಡಿಸಿದರು. ಬೋರಲು ಹಾಕಿದ ಬಟ್ಟಲುಗಳಲ್ಲಿ ಒಂದರ ಕೆಳಗೆ ತಿನ್ನುವ ಕಾಯಿ ಅಡಗಿಸಿ, ಬಟ್ಟಲುಗಳನ್ನು ಅತ್ತಿತ್ತ ಸರಿಸಿ, ಎಲ್ಲಿದೆ ಹುಡುಕು ಎಂದು ಆಡಿಸಿದರು. ನಾವು ಮಕ್ಕಳನ್ನು ಆಡಿಸುವ ಆಟವೇ. ಆದರೆ ಇತಾರ್ ಅದನ್ನು ಗಮನ ನಿಲ್ಲಿಸುವ ಪಾಠವಾಗಿ ಮಾಡಿಕೊಂಡರು. ಮೊದಲು ತಿನ್ನುವ ಕಾಯಿ, ಗಮನ ಕುದುರಿದ ಮೇಲೆ ತಿನ್ನಲಾಗದ ವಸ್ತು.

ಅಕ್ಷರ ಕಲಿಸಲು ಬಿಡಿಬಿಡಿಯಾದ ಅಕ್ಷರಗಳನ್ನು ಮಾಡಿಸಿದರು. ಫ್ರೆಂಚಿನಲ್ಲಿ ಹಾಲು ಎಂಬ ಪದಕ್ಕೆ ನಾಲ್ಕು ಅಕ್ಷರ. ವಿಕ್ತೋರ್ ಅವನ್ನು ಜೋಡಿಸಲು ಕಲಿತ. ಕೆಲವು ದಿನಗಳ ನಂತರ, ತಾನು ದಿನವೂ ಹಾಲು ಕುಡಿಯುತ್ತಿದ್ದ ಒಂದು ಮನೆಗೆ ಹೊರಟಾಗ, ಯಾರೂ ಹೇಳದೆ ಆ ನಾಲ್ಕೂ ಅಕ್ಷರಗಳನ್ನು ಜೇಬಿಗೆ ಹಾಕಿಕೊಂಡು ಹೋಗಿ ಅಲ್ಲಿನ ಮೇಜಿನ ಮೇಲೆ ಜೋಡಿಸಿಟ್ಟ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮಾತು ಬಾರದ ಮಗು ಮಾತನ್ನು ಜೇಬಿನಲ್ಲಿ ಹೊತ್ತುಕೊಂಡು ಹೋಗಿತ್ತು.

ಆದರೂ ವಿಕ್ತೋರ್‌ಗೆ ಮಾತು ಬರಲಿಲ್ಲ. ಅವನಿಗೆ ಆಟಿಸಂ ಇದ್ದಿರಬಹುದು ಎಂದು ನಮ್ಮ ಕಾಲದ ಹಲವು ವಿದ್ವಾಂಸರು ಹೇಳುತ್ತಾರೆ. ಇತಾರ್ 1801ರಲ್ಲಿ ಒಂದು, 1806ರಲ್ಲಿ ಇನ್ನೊಂದು ವರದಿ ಬರೆದು, ತಾವು ಅಂದುಕೊಂಡದ್ದು ಕೈಗೂಡಲಿಲ್ಲ ಎಂಬ ನಿರಾಸೆಯಿಂದಲೇ ಪಾಠ ನಿಲ್ಲಿಸಿದರು.

ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ, ಮದಾಮ್ ಗೆರಾನ್. ವಿಕ್ತೋರ್‌ಗೆ ಅಡಿಗೆ ಮಾಡಿ ಹಾಕಿದವರು, ಬಟ್ಟೆ ತೊಡಿಸಿದವರು, ತಿರುಗಾಡಲು ಕರೆದುಕೊಂಡು ಹೋದವರು, ರೇಗಿದಾಗ ಸಮಾಧಾನ ಮಾಡಿದವರು. ಆಕೆಯ ಗಂಡ ಕಾಯಿಲೆ ಬಿದ್ದು ತೀರಿಕೊಂಡಾಗ ವಿಕ್ತೋರ್ ಎಂದಿನಂತೆ ಊಟದ ಮೇಜಿನಲ್ಲಿ ಯಜಮಾನರ ಜಾಗಕ್ಕೂ ತಟ್ಟೆ ಇಟ್ಟ. ಅದನ್ನು ಕಂಡು ಆಕೆ ಅತ್ತರು. ಅಳು ತನ್ನಿಂದ ಬಂತು ಎಂದು ತಿಳಿದ ಹುಡುಗ ತಟ್ಟೆ ತೆಗೆದಿಟ್ಟ, ಮತ್ತೆಂದೂ ಆ ಜಾಗಕ್ಕೆ ತಟ್ಟೆ ಇಡಲಿಲ್ಲ. ‘ಈಡಿಯಟ್’ ಎಂದು ಬರೆಸಿಕೊಂಡ ಹುಡುಗ ಇವನು. ಪಾಠ ನಿಂತ ಮೇಲೂ ಅವನನ್ನು ನೋಡಿಕೊಂಡವರು ಗೆರಾನ್. ಅದಕ್ಕೆ ಸರ್ಕಾರ ವರ್ಷಕ್ಕೆ 150 ಫ್ರಾಂಕ್ ಕೊಡುತ್ತಿತ್ತು. 1828ರಲ್ಲಿ ವಿಕ್ತೋರ್ ಕಣ್ಣು ಮುಚ್ಚಿದ್ದು ಆಕೆಯ ಮನೆಯಲ್ಲೇ. ವಿಶೇಷ ಶಿಕ್ಷಣದ ಪುಸ್ತಕಗಳಲ್ಲಿ ಇತಾರ್‌ಗೆ ಒಂದು ಅಧ್ಯಾಯವಿರುತ್ತದೆ, ಗೆರಾನ್‌ಗೆ ಎರಡು ಸಾಲು. ನಮ್ಮ ಮನೆಗಳ ಲೆಕ್ಕಾಚಾರವೂ ಹೀಗೇ ಅಲ್ಲವೇ?

ಇತಾರ್ ಸೋತೆ ಎಂದುಕೊಂಡ ಕಡೆಯಿಂದ ಮುಂದೆ ನಡೆದವರು ಅವರ ಶಿಷ್ಯ ಎಡ್ವರ್ಡ್ ಸೆಗ್ವಿನ್. ಹುಟ್ಟಿದ್ದು 1812ರಲ್ಲಿ. ಗುರು ಒಬ್ಬ ಹುಡುಗನಿಗೆ ಪಾಠ ಹೇಳಿದರೆ ಶಿಷ್ಯ ಇಂಥ ಮಕ್ಕಳ ಶಾಲೆಯನ್ನೇ ಪ್ಯಾರಿಸ್ಸಿನಲ್ಲಿ ತೆರೆದರು. ಸೆಗ್ವಿನ್ ಹೇಳಿದ್ದು ಸರಳವಾಗಿದೆ. ಬುದ್ಧಿಗೆ ಕಲಿಸಲು ನೇರವಾಗಿ ಬುದ್ಧಿಯ ಬಾಗಿಲು ತಟ್ಟಬೇಡಿ. ಮೊದಲು ಸ್ನಾಯು, ಆಮೇಲೆ ಇಂದ್ರಿಯ, ಆಮೇಲೆ ವಿಚಾರ. ಕೈ ಹಿಡಿಯಲು ಕಲಿಯಲಿ, ಕಾಲು ಮೆಟ್ಟಿಲು ಹತ್ತಲಿ, ಬೆರಳು ಗುಂಡಿ ಹಾಕಲಿ, ಕಣ್ಣು ಇದು ದುಂಡು ಇದು ಚೌಕ ಎಂದು ಗುರುತಿಸಲಿ. ಹತ್ತಲು ಏಣಿ, ಗುಂಡಿ ಹಾಕಲು ಬಟ್ಟೆ, ಗುಳಿಗೆ ಕೂಡಿಸಲು ಮರದ ಬಿಲ್ಲೆಗಳು, ಇವೇ ಅವರ ಪಠ್ಯಪುಸ್ತಕ. 1848ರ ಕ್ರಾಂತಿಯ ನಂತರ ಅವರು ಅಮೆರಿಕಕ್ಕೆ ಹೋದರು. ತಮ್ಮ ವಿಧಾನವನ್ನೆಲ್ಲ ವಿವರಿಸಿದ ಇಂಗ್ಲಿಷ್ ಪುಸ್ತಕ 1866ರಲ್ಲಿ ನ್ಯೂಯಾರ್ಕಿನಲ್ಲಿ ಬಂತು. ಅಲ್ಲಿಯೇ 1880ರಲ್ಲಿ ತೀರಿಕೊಂಡರು.

ಇನ್ನು ನಮ್ಮ ಬೀದಿಯ ಬೋರ್ಡಿನ ಮೇಲಿರುವ ಹೆಸರು. ಮರಿಯಾ ಮಾಂಟೆಸರಿ 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಹೆಣ್ಣುಮಕ್ಕಳು ಆ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲ. ಅಲ್ಲಿನ ಮಾನಸಿಕ ರೋಗಗಳ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿದ್ದ ಅವರು ಕೆಲಸಕ್ಕಾಗಿ ಹುಚ್ಚಾಸ್ಪತ್ರೆಗಳಿಗೆ ಹೋಗಬೇಕಾಗುತ್ತಿತ್ತು. ಬುದ್ಧಿ ಬೆಳೆಯದ ಮಕ್ಕಳನ್ನೂ ದೊಡ್ಡವರ ಜೊತೆಗೆ ಅಲ್ಲೇ ಕೂಡಿಹಾಕುತ್ತಿದ್ದರು. ಅವರ ಜೀವನಚರಿತ್ರೆಗಳಲ್ಲಿ ಹೇಳುವ ಒಂದು ಪ್ರಸಂಗವಿದೆ. ಊಟ ಮುಗಿದ ಮೇಲೆ ಆ ಮಕ್ಕಳು ನೆಲಕ್ಕೆ ಬಿದ್ದು ಬ್ರೆಡ್ಡಿನ ಚೂರುಗಳನ್ನು ಹೆಕ್ಕುತ್ತವೆ, ಎಂಥ ಹೊಲಸು ಎಂದು ಅಲ್ಲಿನ ಆಯಾ ಬೈದುಕೊಂಡಳಂತೆ. ಮಾಂಟೆಸರಿ ಸುತ್ತ ನೋಡಿದರು. ಬರಿಯ ಗೋಡೆ, ಬರಿಯ ನೆಲ. ಕೈಯಲ್ಲಿ ಹಿಡಿಯಲು ಆ ಕೋಣೆಯಲ್ಲಿ ಆ ಚೂರುಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಮಕ್ಕಳು ಹಸಿದದ್ದು ಅನ್ನಕ್ಕಲ್ಲ, ಕೈಗೆ ಏನಾದರೂ ಸಿಗಲಿ ಎಂದು.

ಅವರು ಇತಾರ್ ಮತ್ತು ಸೆಗ್ವಿನ್ನರ ಪುಸ್ತಕಗಳನ್ನು ಹುಡುಕಿ ತೆಗೆದರು. ಓದಿದರೆ ಸಾಲದು, ಒಂದೊಂದು ಪದದ ತೂಕ ತಿಳಿಯಬೇಕು ಎಂದು ಅವನ್ನು ಇಟಾಲಿಯನ್ನಿಗೆ ಅನುವಾದಿಸಿ ಮೊದಲಿಂದ ಕೊನೆಯವರೆಗೆ ಕೈಯಲ್ಲೇ ಬರೆದುಕೊಂಡರು. 1900ರಲ್ಲಿ ರೋಮಿನಲ್ಲಿ ಇಂಥ ಮಕ್ಕಳಿಗಾಗಿ ಶಾಲೆ ಶುರುವಾದಾಗ ಅದರ ಹೊಣೆ ಹೊತ್ತವರಲ್ಲಿ ಒಬ್ಬರಾದರು. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಮಕ್ಕಳ ಜೊತೆ. ಹಗಲು ಕಂಡದ್ದನ್ನು ರಾತ್ರಿ ಕುಳಿತು ಬರೆಯುವುದು, ಹೊಸ ಸಾಮಾನು ಮಾಡಿಸುವುದು. ಹುಚ್ಚಾಸ್ಪತ್ರೆಯಿಂದ ಬಂದ ಕೆಲವು ಮಕ್ಕಳು ಓದು ಬರಹ ಕಲಿತು, ಸಾಮಾನ್ಯ ಮಕ್ಕಳು ಬರೆಯುವ ಸಾರ್ವಜನಿಕ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಎಲ್ಲರೂ ಪವಾಡ ಎಂದರು. ಮಾಂಟೆಸರಿಗೆ ಮಾತ್ರ ಬೇರೆ ಚಿಂತೆ ಹತ್ತಿತು. ನನ್ನ ಮಕ್ಕಳು ಇಷ್ಟು ಏರಬಲ್ಲರಾದರೆ ಆರೋಗ್ಯವಂತ ಮಕ್ಕಳನ್ನು ಅದೇ ಮಟ್ಟದಲ್ಲಿ ಹಿಡಿದು ನಿಲ್ಲಿಸಿರುವುದು ಯಾವುದು?

ಆ ದಿನಗಳ ಬಗ್ಗೆ ಓದುವಾಗ ಹೆಣ್ಣಾಗಿ ನನ್ನ ಮನಸ್ಸು ಇನ್ನೊಂದು ಕಡೆಗೂ ಹೋಗುತ್ತದೆ. 1898ರಲ್ಲಿ ಅವರಿಗೆ ಒಂದು ಗಂಡುಮಗು ಹುಟ್ಟಿತ್ತು. ತಂದೆ ಅದೇ ಶಾಲೆಯ ಸಹನಿರ್ದೇಶಕ. ಮದುವೆಯಾಗಿರಲಿಲ್ಲ. ಮಗು ಮಾರಿಯೋನನ್ನು ಹಳ್ಳಿಯ ಒಂದು ಕುಟುಂಬದಲ್ಲಿ ಗುಟ್ಟಾಗಿ ಬೆಳೆಸಿದರು. ಊರ ಮಕ್ಕಳ ಜೊತೆ ದಿನಕ್ಕೆ ಹನ್ನೊಂದು ಗಂಟೆ ಕುಳಿತ ತಾಯಿಗೆ ತನ್ನ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಹಾಗಿರಲಿಲ್ಲ. 1901ರಲ್ಲಿ ಆ ತಂದೆ ಬೇರೊಬ್ಬಳನ್ನು ಮದುವೆಯಾದ. ಮಾಂಟೆಸರಿ ಶಾಲೆ ಬಿಟ್ಟರು.

ಆಮೇಲಿನದು ಲೋಕಕ್ಕೆಲ್ಲ ಗೊತ್ತು. 1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ ತೆರೆಯಿತು. ಅಲ್ಲಿಗೆ ಬಂದವರು ಕೂಲಿಕಾರರ ಆರೋಗ್ಯವಂತ ಮಕ್ಕಳು. ಸಾಮಾನು ಮಾತ್ರ ಆ ಹಳೆಯ ಶಾಲೆಯಲ್ಲಿ ಬಳಸಿ ತಿದ್ದಿದ್ದು. ಅಲ್ಲಿಂದ ಅದು ಲೋಕವೆಲ್ಲ ಸುತ್ತಿತು. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಕರೆಯ ಮೇಲೆ ಮಾಂಟೆಸರಿ ಮಗನೊಂದಿಗೆ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೋನನ್ನು ಶತ್ರುದೇಶದವನೆಂದು ಬಂಧಿಸಿತು. ಅವನನ್ನು ಬಿಟ್ಟದ್ದು 1940ರ ಆಗಸ್ಟ್ 31ರಂದು, ತಾಯಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಉಡುಗೊರೆಯೆಂದು. ಅಷ್ಟು ವರ್ಷ ಸಂಬಂಧಿಕನೆಂದು ಹೇಳಿಕೊಂಡು ಬಂದವನನ್ನು ಆಗ ಸರ್ಕಾರವೇ ಮಗನೆಂದು ಕರೆಯಿತು. 1946ರವರೆಗೆ ಅವರು ಇಲ್ಲೇ ಇದ್ದು, ಅಡ್ಯಾರಿನಲ್ಲಿ, ಕೊಡೈಕೆನಾಲಿನಲ್ಲಿ ನೂರಾರು ಶಿಕ್ಷಕಿಯರನ್ನು ತಯಾರು ಮಾಡಿದರು. ಮಾಂಟೆಸರಿ ಎಂಬ ಮಾತು ನಮ್ಮ ಕಡೆಗೆ ಹಬ್ಬಲು ಆ ವರ್ಷಗಳೇ ದೊಡ್ಡ ಕಾರಣ.

ಈಗ ಮಣೆಯ ವಿಷಯಕ್ಕೆ ಬರುತ್ತೇನೆ. ಸೆಗ್ವಿನ್ ಗುಳಿ ಬಿಲ್ಲೆಗಳನ್ನು ಮಾಡಿದ್ದು ಕಲಿಸುವುದಕ್ಕೆ. ಅವರ ನಂತರದವರ ಕೈಯಲ್ಲಿ ಅದಕ್ಕೆ ಗಡಿಯಾರ ಸೇರಿಕೊಂಡಿತು, ಅದು ಅಳೆಯುವ ಸಾಧನವಾಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಅಲ್ಲಿ ಈ ಮಣೆಗೆ ನಮ್ಮ ದೇಶದ ಮಕ್ಕಳ ಲೆಕ್ಕದಲ್ಲಿ ಯಾವ ವಯಸ್ಸಿಗೆ ಎಷ್ಟು ಹೊತ್ತು ಎಂಬ ಮಟ್ಟಗಳನ್ನು ಗೊತ್ತುಮಾಡಿ 1971ರಲ್ಲಿ ಪ್ರಕಟಿಸಿದರು. ಅಳತೆ ಬೇಡವೆಂದು ನಾನು ಹೇಳುವುದಿಲ್ಲ. ಪಾಶ್ಚಾತ್ಯ ಮಕ್ಕಳ ಅಳತೆಗೋಲಿನಲ್ಲಿ ನಮ್ಮ ಮಕ್ಕಳನ್ನು ಅಳೆಯುವುದಕ್ಕಿಂತ ಅದು ಎಷ್ಟೋ ನ್ಯಾಯ. ಅಳತೆ ಇಲ್ಲದೆ ಸರ್ಟಿಫಿಕೇಟು ಇಲ್ಲ, ಸರ್ಟಿಫಿಕೇಟು ಇಲ್ಲದೆ ಮಾಸಾಶನ ಇಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಮಗುವಿನ ಕಥೆ ಆ ಅಂಕಿಯ ಹತ್ತಿರವೇ ನಿಂತುಬಿಡುತ್ತದೆ. ಕಾಗದವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಾರೆ, ಮಗುವನ್ನು ಒಳಕೋಣೆಯಲ್ಲಿ ಇಡುತ್ತಾರೆ.

ನಮ್ಮ ಪುಟ್ಟಿಯ ಅದೃಷ್ಟ ಚೆನ್ನಾಗಿತ್ತು. ಪರೀಕ್ಷೆ ಮಾಡಿದ ಹುಡುಗಿ ಅಂಕಿ ಬರೆದು ಮುಗಿಸಿದ ಮೇಲೆ ಗಡಿಯಾರವನ್ನು ಡ್ರಾಯರಿಗೆ ಹಾಕಿ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. “ಹತ್ತೂ ಒಟ್ಟಿಗೆ ಬೇಡಿ ಮೇಡಂ, ದುಂಡಗಿನದು ಒಂದೇ ಇಡಿ. ಬೆರಳು ಹಿಡೀಬೇಡಿ, ಮಣಿಕಟ್ಟು ಹಿಡೀರಿ. ಆಮೇಲೆ ಮೊಣಕೈ ಮಾತ್ರ. ಆಮೇಲೆ ಬಿಟ್ಟುಬಿಡಿ” ಎಂದಳು. ಊರಿಗೆ ಬಂದ ಮೇಲೆ ನಮ್ಮ ಬೀದಿಯ ಬಡಗಿ ಉಳಿದ ಹಲಗೆಯಲ್ಲಿ ಮೂರು ಗುಳಿಯ ಮಣೆ ಮಾಡಿಕೊಟ್ಟರು. ದುಂಡು ಬಿಲ್ಲೆ ಅದರ ಗುಳಿಗೆ ತಾನಾಗಿ ಬೀಳಲು ನಾಲ್ಕು ತಿಂಗಳು ಹಿಡಿಯಿತು.

ಚಿಕಿತ್ಸೆಯೂ ಹೌದು, ಶಿಕ್ಷಣವೂ ಹೌದು ಎಂಬಂಥ ಶಾಲೆಗಳು ಮಾಡುವುದು ಇದನ್ನೇ. ಚಡ್ಡಿ ಹಾಕಿಕೊಳ್ಳುವುದು ನಮಗೆ ಒಂದು ಕೆಲಸ, ಆ ಮಗುವಿಗೆ ಆರು ಕೆಲಸ. ಆರನ್ನೂ ಬಿಡಿಸಿ, ಕೊನೆಯದನ್ನು ಮೊದಲು ಕಲಿಸುತ್ತಾರೆ. ಮಂಡಿಯವರೆಗೆ ನಾವು ಏರಿಸಿ, ಅಲ್ಲಿಂದ ಸೊಂಟಕ್ಕೆ ಎಳೆದುಕೊಳ್ಳುವುದನ್ನು ಮಗುವಿಗೆ ಬಿಡುವುದು. ಹಾಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದೇ ಆಗುತ್ತದೆ. ಸ್ನಾಯುವಿನ ಬಿಗಿ ಕಡಿಮೆ ಇದ್ದರೆ ಫಿಸಿಯೋಥೆರಪಿ, ಮಾತಿಗೆ ಸ್ಪೀಚ್ ಥೆರಪಿ, ಕೈಕೆಲಸಕ್ಕೆ ಆಕ್ಯುಪೇಷನಲ್ ಥೆರಪಿ, ಜೊತೆಗೆ ವಿಶೇಷ ಶಿಕ್ಷಕಿ. ನಾಲ್ವರೂ ಒಂದೇ ಮಗುವಿಗೆ ಒಂದೇ ಯೋಜನೆ ಬರೆದುಕೊಂಡು ಕೆಲಸ ಮಾಡುವುದು. ಸ್ನಾಯು, ಇಂದ್ರಿಯ, ವಿಚಾರ ಎಂಬ ಸೆಗ್ವಿನ್ ಮಾತು ಅಲ್ಲಿ ಇನ್ನೂ ಉಸಿರಾಡುತ್ತಿದೆ.

1997ರ ಬೇಸಿಗೆಯಲ್ಲಿ ಅಕ್ಕ ಪುಟ್ಟಿಯನ್ನು ಊರಿನ ಒಂದು ಮಾಂಟೆಸರಿಗೆ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಆಫೀಸಿನ ಗಾಜಿನ ಬೀರುವಿನಲ್ಲಿ ಗುಂಡಿ ಹಾಕುವ ಚೌಕಟ್ಟು, ಗುಳಿ ಬಿಲ್ಲೆಗಳ ಮಣೆ ಸಾಲಾಗಿದ್ದವು. ಪುಟ್ಟಿ ಗಾಜಿಗೆ ಕೈ ಒತ್ತಿ ನಿಂತಳು. ಅವಳಿಗೆ ಅದರ ಗುರುತು ಹತ್ತಿತ್ತು. “ಇಂಥ ಮಕ್ಕಳಿಗೆ ನಮ್ಮಲ್ಲಿ ಅನುಕೂಲ ಇಲ್ಲಮ್ಮ, ಬೇರೆ ಮಕ್ಕಳ ತಂದೆ ತಾಯಿ ಒಪ್ಪುವುದಿಲ್ಲ” ಎಂದು ಮೇಡಂ ಮೆಲ್ಲಗೆ ಹೇಳಿದರು. ಅವರು ಒರಟಾಗಿ ಆಡಲಿಲ್ಲ, ನೀರು ಕೂಡ ತರಿಸಿಕೊಟ್ಟರು. ಆದರೆ ಬೀರುವಿನಲ್ಲಿದ್ದ ಸಾಮಾನು ಯಾರಿಗಾಗಿ ಹುಟ್ಟಿತ್ತೋ ಆ ಮಗು ಬೀರುವಿನ ಹೊರಗಿತ್ತು.

ಹೀಗೆ ಹಿಂದಿರುಗಿದ ತಾಯಂದಿರೇ ನಮ್ಮ ದೇಶದಲ್ಲಿ ಶಾಲೆಗಳನ್ನು ಕಟ್ಟಿದ್ದಾರೆ. 1944ರಲ್ಲಿ ಬೊಂಬಾಯಿಯಲ್ಲಿ ಜೆರ್ಬಾನೂ ವಕೀಲ್ ಮತ್ತು ಹೊರ್ಮಸ್‌ಜಿ ವಕೀಲ್ ಎಂಬ ಪಾರ್ಸಿ ದಂಪತಿಗಳು ಡೌನ್ ಸಿಂಡ್ರೋಮ್ ಇದ್ದ ತಮ್ಮ ಮಗಳಿಗಾಗಿ ತೆರೆದದ್ದೇ ಜೈ ವಕೀಲ್ ಶಾಲೆ. 1972ರಲ್ಲಿ ಅದೇ ಊರಿನಲ್ಲಿ ಮಿಥು ಅಲೂರ್ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಸ್ಥಾಪಿಸಿದರು. ಸೆರೆಬ್ರಲ್ ಪಾಲ್ಸಿ ಇದ್ದ ಮಗಳು ಮಾಲಿನಿಯೇ ಅದಕ್ಕೆ ಪ್ರೇರಣೆ. ಮಾಲಿನಿ ಚಿಬ್ ಮುಂದೆ ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಪಡೆದರು, ಒಂದೇ ಬೆರಳಿನಲ್ಲಿ ಟೈಪು ಮಾಡಿ ಆತ್ಮಕಥೆ ಬರೆದರು. ಹೆಸರಾದವರು ಇವರು. ಹೆಸರಾಗದೆ ಗ್ಯಾರೇಜಿನಲ್ಲಿ, ದೇವಸ್ಥಾನದ ಹಿಂದಿನ ಕೋಣೆಯಲ್ಲಿ ನಾಲ್ಕೈದು ಮಕ್ಕಳನ್ನು ಕೂಡಿಸಿಕೊಂಡು ಶುರುಮಾಡಿದ ತಾಯಂದಿರು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಎಷ್ಟೋ ಜನ ಇದ್ದಾರೆ. ಪುಟ್ಟಿ ಕಲಿತದ್ದೂ ಅಂಥ ಒಂದು ಕೋಣೆಯಲ್ಲೇ. ಈಗ ಮೂವತ್ತು ದಾಟಿದ ಅವಳು ತನ್ನ ಸೀರೆಗೆ ತಾನೇ ಪಿನ್ನು ಹಾಕಿಕೊಳ್ಳುತ್ತಾಳೆ, ಹಾಲಿನವನಿಗೆ ಲೆಕ್ಕದ ಪುಸ್ತಕ ತೋರಿಸುತ್ತಾಳೆ. ಓದಲು ಬರುವುದಿಲ್ಲ, ತನ್ನ ಹೆಸರು ಬರೆಯುತ್ತಾಳೆ.

ಕಾನೂನೂ ನಿಧಾನವಾಗಿ ಬಂತು. 1995ರ ಅಂಗವಿಕಲರ ಕಾಯಿದೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. ಅಕ್ಕನಿಗೂ ಆ ಮೇಡಂಗೂ ಅದು ಅಂದು ಗೊತ್ತಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇನ್ನೂ ಮುಂದೆ ಹೋಗಿದೆ. ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಹೆಸರಿಸಿ, ಸರ್ಕಾರದ ಹಣ ಪಡೆಯುವ ಅಥವಾ ಮಾನ್ಯತೆ ಪಡೆದ ಯಾವ ಶಾಲೆಯೂ ಇಂಥ ಮಕ್ಕಳಿಗೆ ಭೇದ ಮಾಡದೆ ಪ್ರವೇಶ ಕೊಡಬೇಕು ಎಂದಿದೆ. ನಿಗದಿತ ಪ್ರಮಾಣದ ವೈಕಲ್ಯವಿರುವ ಆರರಿಂದ ಹದಿನೆಂಟರ ಮಗುವಿಗೆ ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಎಂದು ಆರಿಸಿಕೊಳ್ಳುವ ಹಕ್ಕೂ ಇದೆ.

ಆದರೆ ಕಾನೂನಿನ ಪುಸ್ತಕದಿಂದ ಶಾಲೆಯ ಗೇಟಿನವರೆಗೆ ದೂರ ಬಹಳ. ಅಡ್ಡ ನಿಂತಿರುವವರು ಯಾವಾಗಲೂ ಮೇಡಂ ಅಲ್ಲ. ‘ಬೇರೆ ಮಕ್ಕಳ ತಂದೆ ತಾಯಿ’ ಎಂದು ಅವರು ಹೇಳಿದರಲ್ಲ, ಅದು ನಾವು, ಚೆನ್ನಾಗಿರುವ ಮಕ್ಕಳ ತಾಯಂದಿರು. ನಮ್ಮ ಮಗುವಿನ ಪಕ್ಕದಲ್ಲಿ ಅಂಥ ಮಗು ಕುಳಿತರೆ ನಮ್ಮದು ಹಿಂದೆ ಬೀಳುತ್ತದೆ ಎಂಬ ಅಂಜಿಕೆ. ಇತಿಹಾಸ ಹೇಳುವುದು ಬೇರೆ. ಹಿಂದೆ ಬಿದ್ದ ಮಗುವಿಗಾಗಿ ಹುಡುಕಿದ ದಾರಿಯಲ್ಲೇ ನಮ್ಮ ಮಕ್ಕಳೆಲ್ಲ ಈಗ ನಡೆಯುತ್ತಿರುವುದು. ಆ ಕೋಣೆಯ ಮೊದಲ ಹಕ್ಕುದಾರರು ಅವರು, ನಮ್ಮವರು ಆಮೇಲೆ ಬಂದವರು.

ಈ ಜೂನ್‌ನಲ್ಲಿ ಮಗುವನ್ನೋ ಮೊಮ್ಮಗುವನ್ನೋ ಸೇರಿಸಲು ನೀವು ಹೋದಾಗ ಫೀಸು, ವ್ಯಾನು, ಯೂನಿಫಾರ್ಮು ಎಲ್ಲ ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ. “ನಿಮ್ಮಲ್ಲಿ ವಿಶೇಷ ಅಗತ್ಯವಿರುವ ಮಕ್ಕಳು ಎಷ್ಟು ಜನ ಇದ್ದಾರೆ?” ಅಂಥ ಮಗುವಿನ ತಾಯಿ ಕೇಳಿದರೆ ಬೇಡಿಕೊಂಡಂತೆ ಕಾಣುತ್ತದೆ. ನೀವು ಕೇಳಿದರೆ ಅವರು ಉತ್ತರ ಹುಡುಕಬೇಕಾಗುತ್ತದೆ.